ಹನ್ನೊಂದು ನಿಮಿಷದ ಚಪ್ಪಾಳೆ

18 ಫೆಬ್ರವರಿ 1982, ಗುರುವಾರ

ಎದ್ದದ್ದು ಏಳಕ್ಕೆ. ಮಂಡಿ ನೋವು. ಕಾಫಿಪುಡಿ ಮುಗಿದು ಹನ್ನೆರಡು ದಿನ. ಹುರಿದ ಬಾರ್ಲಿ ಕುದಿಸಿ ಕುಡಿದೆ, ಕಾಫಿ ಕುಡಿಯುವವಳ ಹಾಗೆ ಅಭಿನಯಿಸಿದೆ. ಮೂವತ್ತಮೂರು ವರ್ಷದ ಅನುಭವ. ನಾಲಗೆ ನಂಬಲಿಲ್ಲ.

ಹತ್ತಕ್ಕೆ ರಿಹರ್ಸಲ್. ಹೊಸ ನಾಟಕದಲ್ಲಿ ನಾನು ತಾಯಿ — ಇನ್ನೇನು ಕೊಡುತ್ತಾರೆ ಈ ವಯಸ್ಸಿಗೆ. ಆದರೆ ಒಳ್ಳೆಯ ತಾಯಿ. ಮೂರು ಅಂಕದಲ್ಲೂ ವೇದಿಕೆ ಬಿಟ್ಟು ಹೋಗುವುದಿಲ್ಲ. ಇಂಥ ಪಾತ್ರಕ್ಕೆ ಹನ್ನೊಂದು ವರ್ಷ ಕಾದಿದ್ದೇನೆ. ಪರದೆ ಎದ್ದಾಗ ಅಡುಗೆಮನೆಯಲ್ಲಿ ಒಬ್ಬಳೇ ಕೂತು ಆಲೂಗಡ್ಡೆ ಸಿಪ್ಪೆ ತೆಗೆಯುತ್ತಿರಬೇಕು. ನಿರ್ದೇಶಕ ಕ್ಸಾವೆರಿ ಮೊದಲ ಮಾತನ್ನೇ ನಲವತ್ತು ಸಲ ಹೇಳಿಸಿದ. "ಇನ್ನೂ ಸ್ವಲ್ಪ ಸುಸ್ತು ಬೇಕು ಲುದ್ವಿಕಾ ಅವರೇ." ನಲವತ್ತನೆಯ ಸಲಕ್ಕೆ ಸುಸ್ತು ತಾನಾಗಿಯೇ ಬಂತು. "ಇದೇ, ಇದೇ" ಅಂದ. ಪೆದ್ದ.

ಸಂಜೆ ಬೇರೆ ಥಿಯೇಟರಿಗೆ ಹೋದೆ. ನಾಟಕ ನೋಡಲು ಅಲ್ಲ, ಚಪ್ಪಾಳೆ ತಟ್ಟಲು.

ಸೆವೆರಿನ್ ಅಲ್ಲಿ ಡಾಕ್ಟರ್ ಪಾತ್ರ ಮಾಡುತ್ತಾನೆ. ಡಿಸೆಂಬರಿನಲ್ಲಿ ಸೈನ್ಯ ದೇಶವನ್ನು ಕೈಗೆ ತೆಗೆದುಕೊಂಡಾಗಿನಿಂದ ನಟರು ಟಿವಿಗೆ ಕಾಲಿಡುತ್ತಿಲ್ಲ. ಯಾರೂ ಅಪ್ಪಣೆ ಕೊಡಲಿಲ್ಲ, ಯಾರೂ ಸಹಿ ಹಾಕಲಿಲ್ಲ. ಬಾಯಿಂದ ಬಾಯಿಗೆ ಬಂದ ಮಾತು. ಸುದ್ದಿ ಓದುವವರೂ ಸಮವಸ್ತ್ರ ತೊಟ್ಟು ಕೂರುವ ಆ ಪೆಟ್ಟಿಗೆಯೊಳಗೆ ನಮ್ಮ ಮುಖ ಕಾಣಬಾರದು, ಅಷ್ಟೆ. ಸೆವೆರಿನ್ ಹೋದ. ಜನವರಿಯಲ್ಲಿ ಹೋಗಿ, ಟೈ ಕಟ್ಟಿಕೊಂಡು, ಕವಿತೆ ಓದಿದ.

ಹೋದವನಿಗೆ ಜನ ಕೊಡುವ ಶಿಕ್ಷೆ ಒಂದೇ. ವೇದಿಕೆಗೆ ಬಂದ ಕೂಡಲೇ ಚಪ್ಪಾಳೆ. ಬೈಗುಳವಿಲ್ಲ, ಶಿಳ್ಳೆ ಇಲ್ಲ. ಬಾಯಿ ತೆರೆದರೂ ಚಪ್ಪಾಳೆ, ಮುಚ್ಚಿದರೂ ಚಪ್ಪಾಳೆ. ಒಂದೇ ಒಂದು ಮಾತು ಯಾರ ಕಿವಿಗೂ ಬೀಳದ ಹಾಗೆ, ಅವನು ಒಳಗೆ ಹೋಗುವ ತನಕ. ಚಪ್ಪಾಳೆ ತಟ್ಟಿದ್ದಕ್ಕೆ ಪೊಲೀಸರು ಯಾವ ಕಾನೂನು ಹೇಳಿ ಹಿಡಿದಾರು?

ಆರು ನಿಮಿಷ ತಟ್ಟಿದೆವು. ಸೆವೆರಿನ್ ಎರಡು ಸಲ ಏನೋ ಹೇಳಲು ಹೋದ. ನನ್ನ ಕಡೆ ನೋಡಿದನೋ ಏನೋ. ಮೂವತ್ತು ವರ್ಷದ ಗೆಳೆಯ. ನನ್ನ ಮದುವೆಗೆ ಸಾಕ್ಷಿ ಹಾಕಿದವನು. ನಾನು ಇನ್ನೂ ಜೋರಾಗಿ ತಟ್ಟಿದೆ. ಹೋದ.

ಅಂಗೈ ಈಗಲೂ ಉರಿಯುತ್ತಿದೆ. ಹೆಮ್ಮೆಯೂ ಇದೆ.

26 ಫೆಬ್ರವರಿ

ರಿಹರ್ಸಲ್. ಮಾಂಸದ ಕ್ಯೂ. ಮತ್ತೆ ರಿಹರ್ಸಲ್. ಮೇಲಿನ ಮನೆಯಲ್ಲಿ ತಪಾಸಣೆ ಆಯಿತಂತೆ, ಪುಸ್ತಕಗಳನ್ನು ಹೊತ್ತುಕೊಂಡು ಹೋದರಂತೆ. ಈ ನೋಟ್‌ಬುಕ್ಕನ್ನು ಇನ್ನು ಮೇಲೆ ಹಿಟ್ಟಿನ ಡಬ್ಬಿಯಲ್ಲಿ ಇಡುವುದು. ಹೇಗೂ ಹಿಟ್ಟಿಲ್ಲ.

7 ಮಾರ್ಚ್, ಭಾನುವಾರ, ಮಧ್ಯಾಹ್ನ 3

ಫೋನ್ ಬಡಿದುಕೊಂಡಿತು. ಎತ್ತಿದರೆ ಮೊದಲು ಆ ಯಂತ್ರದ ಹೆಂಗಸು — "ಸಂಭಾಷಣೆಯನ್ನು ಆಲಿಸಲಾಗುತ್ತಿದೆ, ಸಂಭಾಷಣೆಯನ್ನು ಆಲಿಸಲಾಗುತ್ತಿದೆ." ಅವಳ ಹಿಂದೆ ಗೆನ್ಯಾ, ನಮ್ಮ ಥಿಯೇಟರಿನಲ್ಲಿ ನನಗೆ ಬಟ್ಟೆ ತೊಡಿಸುವವಳು.

"ಅಮ್ಮಾವ್ರೇ, ಟಿವಿ ಹಾಕಿ."

"ಅದನ್ನ ಗೋಡೆ ಕಡೆ ತಿರುಗ್ಸಿ ಮೂರು ತಿಂಗಳಾಯ್ತಲ್ಲೇ."

"ಈ ಕಡೆ ತಿರುಗ್ಸಿ. ಬೇಗ."

ತಿರುಗಿಸಿದೆ. ಒಳಗೆ ನಾನು.

ಹಸಿರು ಸ್ವೆಟರ್. ಕೋಸಿನೆಲೆಯೊಳಗೆ ಅನ್ನ, ಮಾಂಸ ಇಟ್ಟು ಸುತ್ತುವುದು ಹೇಗೆ ಅಂತ ಹೇಳುತ್ತಿದ್ದೇನೆ, ಆಮೇಲೆ ನನ್ನ ಮಂಡಿಯ ಕಥೆ, ಆಮೇಲೆ ನಗು. ಹೋದ ನವೆಂಬರ್ 20ಕ್ಕೆ ರೆಕಾರ್ಡ್ ಮಾಡಿದ್ದು. ಸೈನ್ಯ ಬರುವುದಕ್ಕೆ ಮೂರು ವಾರ ಮುಂಚೆ. ಪ್ರಸಾರ ಮಾಡಲೇ ಇಲ್ಲ, ಮರೆತಿದ್ದೆ. ತಾರೀಕು ಎಲ್ಲೂ ತೋರಿಸಲಿಲ್ಲ. ಮುಗಿದ ಮೇಲೆ ಸಮವಸ್ತ್ರದವನು ಬಂದು, "ನಮ್ಮೆಲ್ಲರ ಪ್ರೀತಿಯ ಕಲಾವಿದೆ ಇಂದು ನಮ್ಮೊಂದಿಗೆ ಇದ್ದರು" ಎಂದ.

ಇಂದು!

ಎದೆ ಬಡಿದುಕೊಂಡು ಅಳಬೇಕಿತ್ತು. ಮೊದಲು ತಲೆಗೆ ಬಂದದ್ದು ಏನು ಅಂದರೆ, ಕೂದಲು ಚೆನ್ನಾಗಿ ಕೂತಿದೆ. ನಟಿಯ ಬುದ್ಧಿ. ಎರಡನೆಯದು ಬಂದದ್ದು ಐದು ನಿಮಿಷ ಬಿಟ್ಟು — ಶುಕ್ರವಾರ ನಾಟಕ.

8 ಮಾರ್ಚ್, ಸೋಮವಾರ

ಮಹಿಳಾ ದಿನ. ಪ್ರತಿವರ್ಷದ ಹಾಗೆ ಕ್ಸಾವೆರಿ ಬಾಗಿಲಲ್ಲಿ ನಿಂತು ಹೆಂಗಸರಿಗೆಲ್ಲ ಒಂದೊಂದು ಕೆಂಪು ಕಾರ್ನೇಷನ್ ಕೊಟ್ಟ. ಟಿಕೆಟ್ ಹರಿಯುವ ಮುದುಕಿಗೂ ಕೊಟ್ಟ. ನನ್ನ ಸರದಿಗೆ ಬಕೆಟ್ ನೋಡಿ, "ಎಣಿಕೆ ತಪ್ಪಿದೆ ಅನ್ನಿಸ್ತದೆ" ಎಂದ. ಬಕೆಟ್‌ನಲ್ಲಿ ಇನ್ನೂ ಎರಡು ಹೂವಿತ್ತು. ಕೈ ಹಾಕಿ ಎರಡನ್ನೂ ತೆಗೆದುಕೊಂಡೆ.

"ನವೆಂಬರ್‌ದು ಅದು" ಎಂದೆ.

"ಇರಬಹುದು" ಎಂದ. ಮುಖ ನೋಡಲಿಲ್ಲ.

ಇರಬಹುದಂತೆ.

9 ಮಾರ್ಚ್

ಬೆಳಿಗ್ಗೆ ಆರಕ್ಕೆ ಮಾಂಸದ ಅಂಗಡಿ. ಕ್ಯೂನಲ್ಲಿ ನನ್ನ ನಂಬರು ನಲವತ್ತೊಂದು. ಚಳಿಗೆ ಎಲ್ಲರೂ ಕಾಲು ಕುಣಿಸುತ್ತಿದ್ದರು. ಈ ಕ್ಯೂನಲ್ಲಿ ನನ್ನನ್ನು ಯಾರೂ ಲುದ್ವಿಕಾ ಸರ್ನೆಟ್ಸ್ಕಾ ಅನ್ನುವುದಿಲ್ಲ. ಟಿವಿ ಧಾರಾವಾಹಿಯಲ್ಲಿ ಆರು ವರ್ಷ ಟ್ರಾಮ್ ಕಂಡಕ್ಟರ್ ಆಗಿದ್ದೆ, ಅಂದಿನಿಂದ ಊರಿಗೆಲ್ಲ ನಾನು ಕಂಡಕ್ಟರಮ್ಮ. "ಕಂಡಕ್ಟರಮ್ಮ, ಮುಂದಿನ ಸ್ಟಾಪ್ ಯಾವ್ದು?" ಅಂತ ಕಿಚಾಯಿಸುತ್ತಾರೆ, ನಾನು ಸ್ಟಾಪ್ ಹೆಸರು ಕೂಗುತ್ತೇನೆ. ಇವತ್ತು ಯಾರೂ ಕೇಳಲಿಲ್ಲ.

ನನ್ನ ಮುಂದಿದ್ದ ನೀಲಿ ಟೋಪಿಯವಳು ತಿರುಗಿ ನೋಡಿದಳು. ಕೈಗವಸು ತೆಗೆದಳು, ಶಬ್ದ ಚೆನ್ನಾಗಿ ಬರಲಿ ಅಂತ. ತಟ್ಟಲು ಶುರು ಮಾಡಿದಳು. ಅವಳ ಮುಂದಿದ್ದ ನಂಬರು ಮೂವತ್ತೊಂಬತ್ತೂ ತಟ್ಟಿತು. ಆಮೇಲೆ ಮೂವತ್ತೆಂಟು. ಆಮೇಲೆ ಇಡೀ ಕ್ಯೂ. ಬೀದಿಯ ಆ ತುದಿಯಲ್ಲಿ ಹೋಗುತ್ತಿದ್ದವರು ಅಂಗಡಿಗೆ ಮಾಂಸ ಬಂತು ಅಂತ ಖುಷಿಯಾಗಿ ಓಡಿ ಬಂದರು.

ಓಡಿಹೋಗಬೇಕು ಅನ್ನಿಸಿತು, ಸುಳ್ಳು ಯಾಕೆ. ಆದರೆ ಕದಲಲಿಲ್ಲ.

"ತಟ್ರಮ್ಮಾ, ತಟ್ಟಿ. ಮೈ ಬೆಚ್ಚಗಾಗ್ತದೆ. ಆದ್ರೆ ನಲವತ್ತೊಂದು ನಂದು. ನಲವತ್ತೆರಡು ನನ್ನ ಮುಂದೆ ಬಂದ್ರೆ ಕೋಟಿನ ಕಾಲರ್ ಹಿಡೀತೀನಿ."

ಸಿಕ್ಕಿದ್ದು ಮುನ್ನೂರು ಗ್ರಾಂ ಮೂಳೆ. ಸೂಪ್ ಮಾಡಿದೆ. ಉಪ್ಪು ಜಾಸ್ತಿಯಾಯಿತು.

10 ಮಾರ್ಚ್, ಸಂಜೆ 5

ಕಲಿನಾ ಬಂದಿದ್ದಳು. ನಾಟಕದಲ್ಲಿ ನನ್ನ ಮಗಳು, ಇಪ್ಪತ್ತಾರು ವರ್ಷ. ಮಗಳ ಪಾತ್ರ ಸಿಕ್ಕಿದ ದಿನದಿಂದ ಹೊರಗೂ "ಅಮ್ಮಾ" ಅನ್ನುತ್ತಾಳೆ. ನಟರ ಗುಟ್ಟಿನ ಸಮಿತಿಯಲ್ಲಿ ಇದ್ದಾಳೆ ಅಂತ ಗೊತ್ತು, ಕೇಳಿರಲಿಲ್ಲ. ಕೇಳಬಾರದು. ಇವತ್ತು ಅವಳೇ ಹೇಳಿದಳು. ಹೇಳುವ ಮುಂಚೆ ಫೋನಿನ ಮೇಲೆ ದಿಂಬು ಇಟ್ಟಳು.

"ಅದು ಹಳೇದು ಅಂತ ನಮಗೆ ಗೊತ್ತಮ್ಮಾ. ಮೇಕಪ್‌ನೋರು ಹೇಳಿದ್ರು."

ಎದೆಯ ಮೇಲಿನ ಕಲ್ಲು ಇಳಿಯಿತು. ಕುರ್ಚಿ ಎಳೆದು ಕೂರಿಸಿದೆ. "ಸರಿ ಮತ್ತೆ. ನಿಮ್ಮ ಕರಪತ್ರದಲ್ಲಿ ಒಂದು ಸಾಲು ಹಾಕಿ. ನವೆಂಬರ್ 20ರದು, ಅವಳು ಹೋಗಿಲ್ಲ — ಅಷ್ಟೇ ಸಾಕು."

ಅವಳು ಲೋಟ ತಿರುಗಿಸುತ್ತಾ ಕೂತಳು. ನನಗೆ ಆಗಲೇ ತಿಳಿಯಿತು.

"ಹಾಕಲ್ಲ ಅಂತ ತೀರ್ಮಾನ ಆಗಿದೆ."

"ಯಾಕಂತೆ?"

"ನಿಮ್ಮದು ಹಳೇ ರೆಕಾರ್ಡಿಂಗ್ ಅಂತ ಇವತ್ತು ಹಾಕಿದ್ರೆ, ನಾಳೆ ನಿಜವಾಗ್ಲೂ ಹೋದೋರು ಹತ್ತು ಜನ ಬಂದು ನಮ್ಮದೂ ಹಳೇದು ಅಂತಾರೆ. ಯಾರದು ನಿಜ ಅಂತ ಜನ ಹೇಗೆ ನಂಬ್ತಾರೆ? ಯಾರಿಗೂ ಚಪ್ಪಾಳೆ ತಟ್ಟಲ್ಲ. ಎಲ್ಲಾ ಮುಗ್ದುಹೋಗತ್ತೆ. ಅದಕ್ಕೇ ಅಮ್ಮಾ... ನೀವು ಸ್ವಲ್ಪ ದಿನ ಸಹಿಸ್ಕೊಂಡ್ರೆ..."

"ಎಷ್ಟು ದಿನ?"

"ಗೊತ್ತಿಲ್ಲ."

"ನನಗೀಗ ಐವತ್ತಮೂರು ಕಣೇ. ಸ್ವಲ್ಪ ದಿನ ಅಂದ್ರೆ ಎಷ್ಟಿದೆ ನನ್ಹತ್ರ?"

ಅತ್ತಳು. ಅಳುವಾಗ ಮೂಗು ಕೆಂಪಾಗುತ್ತದೆ, ಕ್ಯಾಮೆರಾ ಮುಂದೆ ಹಾಗೆ ಅಳಬಾರದು ಅಂತ ಹೇಳಿಕೊಡಬೇಕು ಅನಿಸಿತು. ಕರ್ಚೀಫ್ ಕೊಟ್ಟೆ. ಕೋಟು ತೊಡಿಸಿ ಕಳಿಸಿದೆ.

ಅವರ ಲೆಕ್ಕಾಚಾರ ಸರಿ. ಅದೇ ಹೊಟ್ಟೆ ಉರಿಯುವುದು. ತಪ್ಪಾಗಿದ್ದರೆ ಜಗಳ ಆಡಬಹುದಿತ್ತು. ಟಿವಿಯವರು ಒಂದು ಕೆನ್ನೆಗೆ ಹೊಡೆದರು, ನಮ್ಮವರು ಇನ್ನೊಂದನ್ನು ಸ್ವಲ್ಪ ತೋರಿಸಮ್ಮಾ ಎನ್ನುತ್ತಿದ್ದಾರೆ.

ಸರಿ. ಬಾಯಿ ಬಿಡುವುದಿಲ್ಲ. ಆದರೆ ಮನೆಯಲ್ಲಿ ಕೂರುತ್ತೇನೆ ಅಂತ ಯಾರಿಗೂ ಮಾತು ಕೊಟ್ಟಿಲ್ಲ.

11 ಮಾರ್ಚ್

ಟಿವಿಯಿಂದ ಫೋನ್. ಬೆಣ್ಣೆಯಂಥ ದನಿ. ಹೆಸರು ಹೇಳಿದ, ಬರೆಯುವುದಿಲ್ಲ.

"ಜನ ನಿಮ್ಮನ್ನ ತಪ್ಪು ತಿಳ್ಕೊಂಡಿದ್ದಾರೆ ಅಂತ ಕೇಳಿ ಬೇಜಾರಾಯ್ತು. ಹೇಗೂ ಹೆಸರು ಹೋಯ್ತು ನೋಡಿ. ಹತ್ತು ಕಂತಿನ ಹೊಸ ಧಾರಾವಾಹಿ, ನೀವೇ ನಾಯಕಿ. ನಿಮ್ಮ ವಯಸ್ಸಿಗೆ ಇಂಥದ್ದು ಮತ್ತೆ..."

"ಈ ಫೋನನ್ನ ಯಾರೋ ಕೇಳಿಸಿಕೊಳ್ತಿದ್ದಾರೆ ಅಲ್ವಾ?" ಎಂದೆ.

"ಅದು... ನಿಯಮ."

"ಒಳ್ಳೇದಾಯ್ತು. ಪ್ರೇಕ್ಷಕರಿಲ್ಲದೆ ನಂಗೆ ಮಾತಾಡಿ ಅಭ್ಯಾಸ ಇಲ್ಲ." ಆಮೇಲೆ ಹುಡುಗಿಯಾಗಿದ್ದಾಗ ಗಿರಣಿ ಕೆಲಸದಲ್ಲಿ ಕಲಿತ ಬೈಗುಳಗಳಲ್ಲಿ ಆಯ್ದ ಏಳನ್ನು, ಒಂದೊಂದಕ್ಕೂ ಸರಿಯಾದ ವಿರಾಮ ಕೊಟ್ಟು, ಕೊನೆಯ ಸಾಲಿನವರಿಗೂ ಕೇಳುವ ಹಾಗೆ ಒಪ್ಪಿಸಿದೆ. ಬೆಣ್ಣೆ ಕರಗಿತು. ಫೋನ್ ಇಟ್ಟ.

ಕೇಳಿಸಿಕೊಳ್ಳುತ್ತಿದ್ದವನು ಏಳೂ ಬರೆದುಕೊಂಡಿರಬೇಕು. ಇಂದು ಮೊದಲ ಸಲ ಚೆನ್ನಾಗಿ ಊಟ ಸೇರಿತು.

12 ಮಾರ್ಚ್, ಶುಕ್ರವಾರ

ಹನ್ನೊಂದು ನಿಮಿಷ.

ಮೊದಲ ಮಾತು ನಾಲ್ಕು ಸಲ ಶುರು ಮಾಡಿದೆ. ನನ್ನ ದನಿ ನನಗೇ ಕೇಳಲಿಲ್ಲ. ಪರದೆ ಇಳಿಸಿದರು. ಟಿಕೆಟ್ ಹಣ ವಾಪಸ್.

13 ಮಾರ್ಚ್

ಒಂಬತ್ತು ನಿಮಿಷ. ಪರದೆ.

14 ಮಾರ್ಚ್

ಮೂರನೇ ಸಾಲಿನಲ್ಲಿ ನಮ್ಮ ಬೀದಿಯ ಔಷಧಿ ಅಂಗಡಿಯವನು. ಅವನೂ ತಟ್ಟಿದ. ನನ್ನ ಮಂಡಿಗೆ ಮುಲಾಮು ಅರೆದುಕೊಡುವ ಕೈ.

17 ಮಾರ್ಚ್, ಬುಧವಾರ

ಎರಡು ದಿನ ಬರೆಯಲಿಲ್ಲ. ಮಲಗಿದ್ದೆ. ಅತ್ತೆ. ಅತ್ತದ್ದನ್ನು ಬರೆಯುವುದಿಲ್ಲ.

ಕ್ಸಾವೆರಿ ಮನೆಗೇ ಬಂದ. ಟೋಪಿ ಕೈಯಲ್ಲಿ ಹಿಡಿದು, ಸಾವಿನ ಮನೆಗೆ ಬಂದವನ ಹಾಗೆ ನಿಂತ.

"ಆರೋಗ್ಯ ಸರಿ ಇಲ್ಲ ಅಂತ ಬೋರ್ಡ್ ಹಾಕೋಣ. ಕಲಿನಾಗೆ ವಯಸ್ಸಿನ ಮೇಕಪ್ ಮಾಡಿ ತಾಯಿ ಪಾತ್ರಕ್ಕೆ ನಿಲ್ಲಿಸ್ತೀನಿ. ನಿಮ್ಮ ಮರ್ಯಾದೆನೂ ಉಳೀತದೆ."

"ಕಾಯಿಲೆ ಇರೋದು ಮಂಡಿಗೆ. ಕೂತು ಮಾಡೋ ಪಾತ್ರ ಇದು."

"ಥಿಯೇಟರ್ ಮುಚ್ಚಿಸ್ತಾರೆ ಲುದ್ವಿಕಾ ಅವರೇ. ನೆಪಕ್ಕೆ ಕಾಯ್ತಿದ್ದಾರೆ. 28ನೇ ತಾರೀಕು ಭಾನುವಾರ. ಅಷ್ಟರೊಳಗೆ ಒಂದು ದಿನ, ಒಂದೇ ಒಂದು ದಿನ ನಾಟಕ ಕೊನೇವರೆಗೂ ನಡೀಬೇಕು. ಇಲ್ಲಾಂದ್ರೆ ಪಾತ್ರ ಕಲಿನಾದು. ಇನ್ನು ಮುಂದಿನ ನಾಟಕಗಳಿಗೆ ನಿಮ್ಮನ್ನ ಯಾರೂ ಕರೆಯಲ್ಲ. ನಾನೂ ಕರೆಯೋಕಾಗಲ್ಲ."

ಕೊನೆಗೆ ಸತ್ಯ ಹೇಳಿದ, ಪುಣ್ಯಾತ್ಮ. ಇರಬಹುದು ಅನ್ನದೆ.

ಅವನು ಹೋದ ಮೇಲೆ ಹಳೆಯ ಫೋಟೋ ಪೆಟ್ಟಿಗೆ ತೆಗೆದೆ. ಇಂಥ ದಿನ ತೆಗೆಯಬಾರದು, ತೆಗೆದೆ. 1949, ಈ ಊರಿನ ನೂಲಿನ ಗಿರಣಿ. ನನಗೆ ಇಪ್ಪತ್ತು. ಸಿನಿಮಾದವರು ಬಂದಿದ್ದರು. ರಾಜಧಾನಿಯಿಂದ ಬಂದ ನಟಿಗೆ ಹರಿದ ಎಳೆ ಗಂಟು ಹಾಕಲು ಬರಲಿಲ್ಲ. ಕ್ಯಾಮೆರಾ ಓಡುತ್ತಿದೆ, ಅವಳ ಬೆರಳು ತಡಕಾಡುತ್ತಿದೆ. ನನ್ನನ್ನು ಎಳೆದು ತಂದು ನನ್ನ ಕೈಯ ಚಿತ್ರ ಮಾತ್ರ ತೆಗೆದರು. ಎರಡು ದಿನ ಬರೀ ಕೈ. ಮೂರನೆಯ ದಿನ ಕ್ಯಾಮೆರಾದವನು ಈ ಕೈ ಯಾರದು ಅಂತ ತಲೆ ಎತ್ತಿ ನೋಡಿದ. ಅವನ ಹೆಸರು ಎದ್ವಿನ್. ನೋಡಿದ ಮೇಲೆ ಇಪ್ಪತ್ತು ವರ್ಷ ನೋಡುತ್ತಲೇ ಇದ್ದ, 1970ರಲ್ಲಿ ಹೃದಯ ನಿಲ್ಲುವವರೆಗೆ.

ಟ್ರ್ಯಾಕ್ಟರ್ ಓಡಿಸುವ ಹುಡುಗಿ ಆದೆ. ಸೈನಿಕನ ವಿಧವೆ ಆದೆ, ಮೂರು ಸಲ. 1958ರಲ್ಲಿ ವಿದೇಶದ ಉತ್ಸವಕ್ಕೆ ಕಳಿಸಿದರು, ಬಹುಮಾನ ಬಂತು, ಸ್ಟುಡಿಯೋದಿಂದ ತಂದ ರೇಷ್ಮೆ ಗೌನಿನಲ್ಲಿ ವೇದಿಕೆ ಹತ್ತಿದೆ. ಮರುದಿನ ಗೌನು ವಾಪಸ್ ಕೊಡುವಾಗ ವೈನ್ ಕಲೆ ಆಗಿದೆ ಅಂತ ಬೈಸಿಕೊಂಡೆ. ಮೂವತ್ತೆಂಟಕ್ಕೆ ನಾಯಕನ ತಾಯಿ — ನಾಯಕ ನನಗಿಂತ ನಾಲ್ಕು ವರ್ಷ ಚಿಕ್ಕವನು. ಇಪ್ಪತ್ತೊಂದು ಸಿನಿಮಾ. ಆಮೇಲೆ ಟ್ರಾಮ್.

ಮೂವತ್ತಮೂರು ವರ್ಷ ಈ ಮುಖವನ್ನು ನೋಡಿದ್ದಾರೆ. ಅಳುವಾಗ, ನಗುವಾಗ, ಇಲ್ಲದ ಮಗುವಿಗೆ ಹಾಲೂಡಿಸುವಾಗ. ಒಂದು ಭಾನುವಾರ ಮಧ್ಯಾಹ್ನ ಸಾಕಾಯಿತು ಅವರಿಗೆ. ಸಿಟ್ಟು ಬರುತ್ತಿದೆ. ಒಳ್ಳೆಯದು. ಸಿಟ್ಟು ಇದ್ದರೆ ಹಾಸಿಗೆಯಿಂದ ಏಳಬಹುದು.

ಆದರೆ ಇನ್ನೊಂದು ವಿಷಯವೂ ಬರೆಯಬೇಕು. ಸೆವೆರಿನ್‌ಗೆ ತಟ್ಟುವ ಮುಂಚೆ ಅವನನ್ನು ಒಂದು ಮಾತು ಕೇಳಿದೆನೇ? ಇಲ್ಲ.

18 ಮಾರ್ಚ್

ಸೆವೆರಿನ್ ಮನೆಗೆ ಹೋದೆ. ಗಡ್ಡ ಬಿಟ್ಟಿದ್ದಾನೆ. ಬಾಗಿಲು ತೆಗೆದು, ನೋಡಿ, ನಿಧಾನವಾಗಿ ಎರಡು ಸಲ ಚಪ್ಪಾಳೆ ತಟ್ಟಿದ. "ಬಾ ಲುದ್ಕಾ. ಸಂಘಕ್ಕೆ ಸ್ವಾಗತ."

"ನಂದು ನವೆಂಬರ್‌ದು."

"ಗೊತ್ತು. ಆ ಸ್ವೆಟರ್ ನೀನು ಕ್ರಿಸ್‌ಮಸ್‌ಗೆ ನಿನ್ನ ತಂಗಿಗೆ ಕೊಟ್ಟೆಯಲ್ಲ."

ಇಡೀ ಊರಲ್ಲಿ ಗಮನಿಸಿದವನು ಇವನೊಬ್ಬ.

"ನಿಂದೂ ಹಾಗೇನಾ ಸೆವೆರಿನ್? ಹಳೇದಾ?" ಹೌದು ಅನ್ನಲಿ ಅಂತಲೂ ಬೇಡ ಅಂತಲೂ ಇತ್ತು ನನಗೆ.

"ಇಲ್ಲ ಕಣೇ. ನಾನು ಹೋಗಿದ್ದೆ. ಕಾರು ಕಳಿಸಿದ್ರು, ಹೆದರಿದೆ, ಹತ್ತಿದೆ. ಹೆಂಡ್ತಿ ಮಕ್ಕಳ ನೆಪ ಹೇಳಬಹುದು. ಸುಮ್ನೆ ಹೆದರಿದೆ ಅಷ್ಟೆ. ನೀವು ತಟ್ಟಿದ್ದು ಸರಿಯಾಗೇ ಇತ್ತು. ಸ್ವಲ್ಪ ಜಾಸ್ತಿ ಜೋರಾಗಿತ್ತು ನಿಂದು."

ಟೀ ಮಾಡಿದ. ಲೋಟದ ತಳದಲ್ಲಿ ನಿಜವಾದ ನಿಂಬೆ ಹೋಳು, ಎಲ್ಲಿಂದ ತಂದನೋ.

"ನಾನೊಂದು ತಪ್ಪು ಮಾಡಿದೆ" ಎಂದ. "ಮಾತಾಡೋಕೆ ಹೋದೆ. ಅವರು ಕಾಯೋದೇ ಅದಕ್ಕೆ. ಬಾಯಿ ನೋಡ್ತಾ ಇರ್ತಾರೆ. ತೆರೆದ ಕೂಡ್ಲೇ ಜೋರಾಗತ್ತೆ. ಮಾತಾಡದೆ ಇರೋದು ಹೇಗೆ ಅಂತ ನಂಗೆ ಗೊತ್ತಾಗ್ಲಿಲ್ಲ. ಡಾಕ್ಟರ್ ಪಾತ್ರ, ಕೈಯಲ್ಲಿ ಏನೂ ಇರ್ಲಿಲ್ಲ."

"ನನ್ ಕೈಯಲ್ಲಿ ಆಲೂಗಡ್ಡೆ ಇದೆ" ಎಂದೆ.

ಇಬ್ಬರೂ ಒಬ್ಬರನ್ನೊಬ್ಬರು ನೋಡಿದೆವು. ನಕ್ಕೆವು. ಡಿಸೆಂಬರಿನ ನಂತರ ಮೊದಲ ಸಲ ಹೊಟ್ಟೆ ಹಿಡಿದುಕೊಂಡು ನಕ್ಕದ್ದು.

ಅವನನ್ನು ಕ್ಷಮಿಸಿಲ್ಲ. ಹೊರಡುವಾಗ ಹೇಳಿಯೂ ಬಂದೆ. "ಕ್ಷಮಿಸ್ಬೇಡ, ಆದ್ರೆ ಮತ್ತೆ ಬಾ" ಎಂದ. ಹೋಗುತ್ತೇನೆ.

19 ಮಾರ್ಚ್, ಶುಕ್ರವಾರ

ಮೇಜಿನ ಮೇಲೆ ಐದು ಆಲೂಗಡ್ಡೆ ಇಡುತ್ತಿದ್ದರು. ಇವತ್ತು ಗೆನ್ಯಾಗೆ ಹೇಳಿ ಒಂದು ಬಕೆಟ್ ತರಿಸಿದೆ.

ಪರದೆ ಎದ್ದಿತು. ಚಪ್ಪಾಳೆ ಶುರು. ಬಾಯಿ ತೆರೆಯಲಿಲ್ಲ. ಒಂದು ಎತ್ತಿಕೊಂಡೆ, ಸಿಪ್ಪೆ ತೆಗೆದೆ, ನೀರಿಗೆ ಹಾಕಿದೆ. ಇನ್ನೊಂದು. ಕಣ್ಣು ಕೊರೆದು ತೆಗೆದೆ. ಅವರು ತಟ್ಟಿದರು, ನಾನು ಸುಲಿದೆ. ಹತ್ತು ನಿಮಿಷಕ್ಕೆ ಕ್ಸಾವೆರಿ ಪಕ್ಕದಿಂದ ಪರದೆ ಇಳಿಸಲಾ ಅಂತ ಸನ್ನೆ ಮಾಡಿದ. ಚಾಕು ತೋರಿಸಿದೆ. ಇಳಿಸಲಿಲ್ಲ.

ಇಪ್ಪತ್ತಾರು ನಿಮಿಷ. ಬಕೆಟ್ ಖಾಲಿ. ಎದ್ದೆ, ಏಪ್ರನ್‌ಗೆ ಕೈ ಒರೆಸಿಕೊಂಡೆ, ಪಾತ್ರೆ ಎತ್ತಿಕೊಂಡು ಒಳಗೆ ಹೋದೆ. ಅವರು ಓಡಿಸಿದ್ದಲ್ಲ, ಕೆಲಸ ಮುಗಿಯಿತು. ಇದೇ ವ್ಯತ್ಯಾಸ.

ರಂಗಸಜ್ಜಿಕೆಯವರು ಅಷ್ಟನ್ನೂ ಬೇಯಿಸಿ, ಈರುಳ್ಳಿ ಹುರಿದು ಹಾಕಿ ತಿಂದರು. ನನಗೂ ಒಂದು ತಟ್ಟೆ.

24 ಮಾರ್ಚ್

ಶನಿವಾರ ಇಪ್ಪತ್ತೆರಡು ನಿಮಿಷ. ಭಾನುವಾರ ಹತ್ತೊಂಬತ್ತು. ನಿನ್ನೆ ಹದಿನಾಲ್ಕು, ಆಮೇಲೆ ಮೊದಲ ಮಾತಿನ ಅರ್ಧ ಕೇಳಿಸಿತಂತೆ, ಮತ್ತೆ ಶುರು.

ಬೆರಳಿಗೆ ಎರಡು ಕಡೆ ಗಾಯ. ಗೆನ್ಯಾ ಬಟ್ಟೆ ಸುತ್ತಿದಳು. "ಅಮ್ಮಾವ್ರೇ, ನಿಮ್ಮ ಅವಮಾನದಿಂದ ಬಡಗಿ ಎರಡು ಕಿಲೋ ದಪ್ಪ ಆಗಿದ್ದಾನೆ" ಎಂದಳು.

ಕಲಿನಾ ಪಕ್ಕದಲ್ಲಿ ನಿಂತು ಪ್ರವೇಶಕ್ಕೆ ಕಾಯುತ್ತಾಳೆ, ಪ್ರತಿದಿನ ಕಾದು ವಾಪಸ್ ಹೋಗುತ್ತಾಳೆ. ಇವತ್ತು ಕೈ ಹಿಡಿದುಕೊಂಡು, "ನಾನೇ ಎದ್ದು ನಿಂತು ಹೇಳಿಬಿಡ್ತೀನಮ್ಮಾ, ಸಮಿತಿ ಹಾಳಾಗ್ಲಿ" ಎಂದಳು.

"ಹೇಳಿದ್ರೆ ಕೆನ್ನೆಗೆ ಬಾರಿಸ್ತೀನಿ" ಎಂದೆ. "ಅವರು ಸರಿ. ನಾನೂ ಸರಿ. ನೀನು ನಿನ್ನ ಮಾತು ಬಾಯಿಪಾಠ ಮಾಡ್ಕೊ, ಎರಡನೇ ಅಂಕದಲ್ಲಿ ತಪ್ಪುತ್ತೀಯ."

25, 26

ಹತ್ತು. ಏಳು. ಏಳರ ನಂತರ ನಿಂತಿತು, ಬಾಯಿ ತೆರೆದ ಕೂಡಲೇ ಮತ್ತೆ ಶುರು. ಶಿಫ್ಟ್ ಹಾಕಿಕೊಂಡು ತಟ್ಟುತ್ತಿದ್ದಾರೆ — ಎಡಗಡೆಯವರು ದಣಿದರೆ ಬಲಗಡೆಯವರು. ಗಿರಣಿ ಊರು, ಶಿಫ್ಟ್ ಲೆಕ್ಕ ಹೇಳಿಕೊಡಬೇಕಿಲ್ಲ.

ಮಂಡಿ ಊದಿದೆ. ಇನ್ನು ಎರಡೇ ದಿನ. ಭಯವಾಗುತ್ತಿದೆ. ಬರೆದೆ. ಸಾಕು.

27 ಮಾರ್ಚ್, ಶನಿವಾರ, ರಾತ್ರಿ 9

ಬೆರಳಿನ ಬಟ್ಟೆ ಇನ್ನೂ ಬಿಚ್ಚಿಲ್ಲ, ಅಕ್ಷರ ವಕ್ರ. ಬರೆಯದಿದ್ದರೆ ಆಗುವುದಿಲ್ಲ.

ಶುರುವಾಯಿತು. ಸುಲಿದೆ. ನಾಲ್ಕು ನಿಮಿಷ ಆಗಿರಬೇಕು, ಐದನೇ ಸಾಲಿನಲ್ಲಿ ಒಬ್ಬ ಮುದುಕಿ ಎದ್ದು ನಿಂತಳು. ತಲೆಗೆ ಬಟ್ಟೆ, ಕೈಯಲ್ಲಿ ಕೋಲು. ಕೋಲನ್ನು ನೆಲಕ್ಕೆ ಕುಟ್ಟಿದಳು. ಹಿಂದಿನವರು ಕೂರಿ ಅಜ್ಜಿ ಎಂದರು.

"ನೀ ಕೂತ್ಕೋ" ಅಂದಳು. ಮಗ್ಗಗಳ ಸದ್ದಿನ ಮೇಲೆ ಮಾತಾಡಿ ಬೆಳೆದ ಗಂಟಲು ಅದು. ಎಲ್ಲರಿಗೂ ಕೇಳಿತು. "ಮೂವತ್ತೊಂದು ವರ್ಷ ಮಿಷನ್ ಮುಂದೆ ನಿಂತೋಳು ನಾನು. ಕೆಲ್ಸ ಮಾಡೋ ಕೈ ಯಾವ್ದು, ಮಾಡ್ದಂಗೆ ಆಟ ಆಡೋ ಕೈ ಯಾವ್ದು, ಕತ್ತಲಲ್ಲೂ ಹೇಳ್ತೀನಿ. ಇವಳು ಏನ್ ಮಾಡಿದ್ಲೋ ಬಿಟ್ಲೋ ನಂಗೊತ್ತಿಲ್ಲ. ಆದ್ರೆ ತಪ್ಪು ಮಾಡ್ದೋಳು ಎರಡು ವಾರ ಹಿಂಗೆ ಬಂದು ಕೂರಲ್ಲ, ಓಡ್ಹೋಗ್ತಾಳೆ. ನಾನು ದುಡ್ಡು ಕೊಟ್ಟು ಬಂದಿರೋದು ನಾಟಕ ನೋಡೋಕೆ. ನಿಮ್ಮ ಅಂಗೈ ನೋಡೋಕಲ್ಲ."

ಯಾರೋ ನಕ್ಕರು. ಚಪ್ಪಾಳೆ ಅಲ್ಲಲ್ಲಿ ತುಂಡಾಯಿತು. ಎಡಗಡೆ ನಿಂತಿತು. ಬಲಗಡೆ ಇಬ್ಬರು, ಆಮೇಲೆ ಒಬ್ಬ, ಆಮೇಲೆ ಅವನಿಗೂ ಒಬ್ಬನೇ ತಟ್ಟಲು ನಾಚಿಕೆಯಾಗಿರಬೇಕು. ನಿಂತಿತು.

ಅಷ್ಟು ನಿಶ್ಶಬ್ದ. ಚಾಕು ಸಿಪ್ಪೆಯಲ್ಲಿ ಓಡುವುದು ಕೇಳುತ್ತಿತ್ತು. ಕೈಯಲ್ಲಿದ್ದದ್ದನ್ನು ಮುಗಿಸಿದೆ. ಅವಸರ ಮಾಡಲಿಲ್ಲ. ನೀರಿಗೆ ಹಾಕಿದೆ. ತಲೆ ಎತ್ತದೆ ಹೇಳಿದೆ:

"ಇವತ್ತು ಊಟಕ್ಕೆ ಯಾರ್ಯಾರು ಇದ್ದೀರಿ?"

"ನಾನಿದೀನಿ" ಎಂದಳು ಮುದುಕಿ, ಕೂರುತ್ತಾ.

ನಾಟಕ ಕೊನೆಯವರೆಗೆ ನಡೆಯಿತು. ಕಲಿನಾ ಎರಡನೇ ಅಂಕದಲ್ಲಿ ತಪ್ಪಿದಳು, ನಾನು ಎತ್ತಿಕೊಟ್ಟೆ. ಕೊನೆಯ ದೃಶ್ಯದಲ್ಲಿ ನಿಜವಾಗಿ ಅತ್ತೆ, ಅದೂ ಮೂಗು ಕೆಂಪು ಮಾಡಿಕೊಂಡು. ಪರದೆ ಇಳಿಯಿತು, ಎದ್ದಿತು. ಸಾಲಾಗಿ ನಿಂತು ತಲೆ ಬಾಗಿದೆವು.

ಯಾರೂ ಚಪ್ಪಾಳೆ ತಟ್ಟಲಿಲ್ಲ.

ತಟ್ಟುವುದಾದರೂ ಹೇಗೆ? ಈ ಎರಡು ವಾರದಲ್ಲಿ ಚಪ್ಪಾಳೆಗೆ ಉಳಿದಿರುವುದು ಒಂದೇ ಅರ್ಥ. ಒಬ್ಬ ಕೈ ಎತ್ತಿದ, ಹೆಂಡತಿ ಹಿಡಿದು ಕೆಳಗೆ ಇಳಿಸಿದಳು. ಆರುನೂರು ಜನ ಎದ್ದು ನಿಂತರು, ಕೈಗಳನ್ನು ಕೋಟಿನ ಜೇಬಿಗೆ ಹಾಕಿಕೊಂಡರು, ಹಾಗೇ ನಿಂತರು. ಒಂದು ನಿಮಿಷ, ಎರಡು. ಔಷಧಿ ಅಂಗಡಿಯವನೂ ಇದ್ದ, ಕಂಕುಳಲ್ಲಿ ಕೈ ಅಡಗಿಸಿಕೊಂಡು.

ವಿದೇಶದಲ್ಲಿ ಬಹುಮಾನ ಕೊಟ್ಟಾಗ ಇಡೀ ಹಾಲ್ ಗುಡುಗಿತ್ತು. ಅದು ಇದರ ಮುಂದೆ ಏನೂ ಅಲ್ಲ. ಸಂತೋಷವಾಗಿದೆ. ಬಹಳ ಸಂತೋಷವಾಗಿದೆ ಎದ್ವಿನ್, ನೀನು ಇರಬೇಕಿತ್ತು.

ಕ್ಸಾವೆರಿ ಮೇಕಪ್ ಕೋಣೆಗೆ ಬಂದು ಕೈಗೆ ಮುತ್ತಿಟ್ಟ. ಗಾಯದ ಮೇಲೆಯೇ ಇಟ್ಟ. ಪಾತ್ರ ನನ್ನದು.

28 ಮಾರ್ಚ್, ಭಾನುವಾರ, ಬೆಳಿಗ್ಗೆ 11

ಬೀದಿಯಲ್ಲಿ ನೀಲಿ ಟೋಪಿಯವಳು ಸಿಕ್ಕಳು. ನಿಂತಳು. "ಕಂಡಕ್ಟರಮ್ಮ... ಮುಂದಿನ ಸ್ಟಾಪ್ ಯಾವ್ದು?" ಎಂದಳು, ಕಣ್ಣು ಎಲ್ಲೋ ಇಟ್ಟುಕೊಂಡು. ನಾನು ಬಿಗಿಯಾಗಿಯೇ ಹೇಳಿದೆ. ಆದರೆ ಹೇಳಿದೆ.

ಪತ್ರಿಕೆ ಕೊಂಡೆ. ಒಲೆಗೆ ಬೇಕಲ್ಲ.

12 ಗಂಟೆ

ಪತ್ರಿಕೆಯ ಕೊನೆಯ ಪುಟದಲ್ಲಿ ಇವತ್ತಿನ ಟಿವಿ ಕಾರ್ಯಕ್ರಮ. ಮಧ್ಯಾಹ್ನ ಎರಡೂವರೆ: ನಮ್ಮ ಪ್ರೀತಿಯ ಕಲಾವಿದೆ ಲುದ್ವಿಕಾ ಸರ್ನೆಟ್ಸ್ಕಾ ಅವರೊಂದಿಗೆ ಮಾತುಕತೆ, ಭಾಗ ಎರಡು.

ಎರಡು ಗಂಟೆ ರೆಕಾರ್ಡ್ ಮಾಡಿದ್ದರು. ನಲವತ್ತು ನಿಮಿಷ ಮಾತ್ರ ತೋರಿಸಿದ್ದರು. ಇದು ನನ್ನ ತಲೆಗೆ ಹೇಗೆ ಹೊಳೆಯಲಿಲ್ಲ. ಇನ್ನೂ ಎಷ್ಟು ಭಾಗ ಇದೆಯೋ.

ಮೂರು ಮುಕ್ಕಾಲು

ನೋಡಿದೆ. ಹಸಿರು ಸ್ವೆಟರ್. ನಗುತ್ತಿದ್ದೇನೆ. ಕೂದಲು ಈ ಸಲವೂ ಚೆನ್ನಾಗಿದೆ, ಹಾಳಾಗಿ ಹೋಗಲಿ.

ಊರೆಲ್ಲ ನೋಡಿರುತ್ತಾರೆ. ಭಾನುವಾರ, ಊಟದ ನಂತರ. ಮುದುಕಿಯೂ ನೋಡಿರುತ್ತಾಳೆ.

ಸಂಜೆ 5:40, ಮೇಕಪ್ ಕೋಣೆ

ನೋಟ್‌ಬುಕ್ ಜೊತೆಗೇ ತಂದೆ. ಹಾಲ್ ತುಂಬಿದೆಯಂತೆ, ನಿಂತವರೂ ಇದ್ದಾರಂತೆ. ಕ್ಸಾವೆರಿ ಬಾಗಿಲಲ್ಲಿ ನಿಂತಿದ್ದಾನೆ, ಒಳಗೆ ಬರುತ್ತಿಲ್ಲ. ಕಲಿನಾ ಕಿಂಡಿಯಿಂದ ನೋಡಿ ಬಂದಳು. "ಕೈಗವಸು ತೆಗೆದು ಕೂತಿದ್ದಾರೆ ಅಮ್ಮಾ, ಎಲ್ಲರೂ." ಮುಖ ಬಿಳುಚಿದೆ. ಅವಳಿಗೆ ಪೌಡರ್ ನಾನೇ ಹಚ್ಚಿದೆ.

"ಎಷ್ಟು ತರ್ಲಿ ಅಮ್ಮಾವ್ರೇ?" ಗೆನ್ಯಾ ಕೇಳಿದಳು.

ಎರಡು ಬಕೆಟ್ ಎಂದೆ. ಇಲ್ಲ, ಮೂರು. ಸಿಕ್ಕಷ್ಟು ತಾ.

ತಟ್ಟಲಿ. ಅವರದು ಆರುನೂರು ಜೊತೆ ಕೈ, ನನ್ನದು ಒಂದು ಜೊತೆ. ನಾಳೆ ರಜೆ, ಮಂಗಳವಾರ ಮತ್ತೆ ಬರುತ್ತೇನೆ. ಭಾಗ ಮೂರು ಹಾಕಲಿ, ಭಾಗ ಹತ್ತು ಹಾಕಲಿ. ಈ ಕುರ್ಚಿ ನನ್ನದು.

ಮೂರನೇ ಬೆಲ್. ಇನ್ನೂ ಬರೆಯುತ್ತಾ ಕೂತರೆ ಹೆದರಿ ಒಳಗೇ ಉಳಿದಳು ಅಂತ —